ತೊಗರಿಗೆ ನೆಟೆ, ಕಡಲೆಕಾಯಿಗೆ ಬೂಷ್ಟು: ಹೊಸ ಜೀನು ಎಲ್ಲಿ ಬೇಕು, ಎಲ್ಲಿ ಬೇಡ?

ನೈರೋಬಿಗೆ ಹೊಸದಾಗಿ ಬಂದ ಕನ್ನಡ ಸಂಸಾರದವರು ಮೊದಲು ವಿಚಾರಿಸುವುದು ಎರಡು ಸಂಗತಿ: ಮಕ್ಕಳಿಗೆ ಯಾವ ಶಾಲೆ ಒಳ್ಳೆಯದು, ತೊಗರಿಬೇಳೆ ಎಲ್ಲಿ ಸಿಗುತ್ತದೆ. ಮೊದಲನೆಯದಕ್ಕೆ ಮನೆಗೊಂದು ಅಭಿಪ್ರಾಯವಿದೆ. ಎರಡನೆಯದಕ್ಕೆ ಉತ್ತರ ಸುಲಭ. ತೊಗರಿ ಇಲ್ಲಿಯದೇ ಬೆಳೆ. ಮೊಂಬಾಸಾ ರಸ್ತೆ ಹಿಡಿದು ಹೊರಟರೆ ಮಚಾಕೋಸ್, ಮಕುವೇನಿ ಕಡೆಯ ಒಣ ಹೊಲಗಳಲ್ಲಿ ಮೆಕ್ಕೆಜೋಳದ ಸಾಲುಗಳ ನಡುವೆ ತೊಗರಿ ನಿಂತಿರುವುದು ಕಾಣುತ್ತದೆ. ಅಲ್ಲಿಯ ಕಾಂಬಾ ಜನ ಅದನ್ನು ನ್ಜೂ ಎನ್ನುತ್ತಾರೆ, ಸ್ವಾಹಿಲಿಯಲ್ಲಿ ಮ್ಬಾಜಿ. ಮೊಂಬಾಸಾದ ಕಡೆ ಅದನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ, ಮಹಮ್ರಿ ಎಂಬ ಕರಿದ ತಿನಿಸಿನ ಜೊತೆ ಬೆಳಗಿನ ಉಪಾಹಾರಕ್ಕೆ ತಿನ್ನುತ್ತಾರೆ. ನಮ್ಮ ಕಲಬುರಗಿಯಂತೆ ಇಲ್ಲಿಯೂ ಅದು ಮಳೆ ಕಡಿಮೆಯಿರುವ ಸೀಮೆಯ ಬಡವರ ಬೆಳೆ. ಕಲಬುರಗಿಯಲ್ಲಿ ಮುಂಗಾರಿಗೆ ಬಿತ್ತಿ ಚಳಿಗಾಲದಲ್ಲಿ ಕೊಯ್ಯುತ್ತಾರೆ. ಇಲ್ಲಿ ಅಕ್ಟೋಬರ್, ನವೆಂಬರ್ ಮಳೆಗೆ ಬಿತ್ತಿದ್ದು ಮರುವರ್ಷ ಆಗಸ್ಟ್, ಸೆಪ್ಟೆಂಬರಿಗೆ ಕೈಗೆ ಬರುತ್ತದೆ.

ಬೆಳೆ ಒಂದೇ ಆದಂತೆ ಅದರ ರೋಗವೂ ಒಂದೇ. ಕಲಬುರಗಿ ರೈತ ನೆಟೆ ರೋಗವೆಂದು ಯಾವುದನ್ನು ಶಪಿಸುತ್ತಾನೋ ಅದೇ ರೋಗ ಮಚಾಕೋಸಿನ ಹೊಲದಲ್ಲೂ ಇದೆ.

ಯುಗಾದಿಗೋ ರಾಜ್ಯೋತ್ಸವಕ್ಕೋ ನಮ್ಮವರು ಸೇರಿದಾಗ, ಪ್ರಯೋಗಾಲಯದಲ್ಲಿ ಕೆಲಸ ಮಾಡುವವರೆಂಬ ಕಾರಣಕ್ಕೆ ನಮ್ಮನ್ನು ಎರಡು ಬಗೆಯ ಪ್ರಶ್ನೆ ಕೇಳುವುದುಂಟು. "ಈಗ ಜೀನು ಬದಲಾಯಿಸಿ ಏನು ಬೇಕಾದರೂ ಮಾಡುತ್ತಾರಂತಲ್ಲ, ನಮ್ಮ ಬೇಳೆಕಾಳಿಗೆ ಯಾಕೆ ಮಾಡಬಾರದು?" ಎಂಬುದು ಒಂದು. "ಅಂಥ ಬೇಳೆ ತಿಂದರೆ ಮಕ್ಕಳಿಗೆ ಏನೂ ಆಗುವುದಿಲ್ಲವೆ?" ಎಂಬುದು ಇನ್ನೊಂದು. ಎರಡಕ್ಕೂ ಊಟದ ಎಲೆಯ ಮುಂದೆ ಉತ್ತರ ಹೇಳಿ ಮುಗಿಸುವುದು ಕಷ್ಟ. ನಾವು ವೃತ್ತಿಯಿಂದ ರಸಾಯನಶಾಸ್ತ್ರದವರು, ಸಸ್ಯಶಾಸ್ತ್ರದವರಲ್ಲ. ಆದರೆ ಈ ವಿಷಯದಲ್ಲಿ ರಸಾಯನಶಾಸ್ತ್ರ ಬೇಕಾದಷ್ಟಿದೆ. ಆದ್ದರಿಂದ ಸಂಪಾದಕರು ಕೊಟ್ಟ ಈ ಪುಟಗಳಲ್ಲಿ ವಿಷಯವನ್ನು ಸಾವಧಾನವಾಗಿ ಬಿಡಿಸಿ ನೋಡೋಣ.

ನೆಟೆ ರೋಗವೆಂದರೇನು?

ಮಣ್ಣಿನಲ್ಲಿರುವ ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ ಈ ರೋಗಕ್ಕೆ ಕಾರಣ. ಬಿಹಾರದ ಪೂಸಾದಲ್ಲಿ ಸರ್ಕಾರಿ ಶಿಲೀಂಧ್ರ ತಜ್ಞರಾಗಿದ್ದ ಬಟ್ಲರ್ ಎಂಬುವರು 1910ರಲ್ಲಿ ಇದನ್ನು ವಿವರಿಸಿ ಹೆಸರಿಟ್ಟರು. ಅದು ಬೇರಿನ ಮೂಲಕ ಒಳಹೊಕ್ಕು, ಗಿಡದಲ್ಲಿ ನೀರು ಮೇಲೇರುವ ಕೊಳವೆಗಳನ್ನು ಕಟ್ಟಿಬಿಡುತ್ತದೆ. ಹೊಲದಲ್ಲಿ ತೇವವಿದ್ದರೂ ಗಿಡಕ್ಕೆ ನೀರಿಲ್ಲ. ಹೂವು ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಸರಿಯಾಗಿ ಗಿಡ ಬಾಡಿ ನಿಂತಲ್ಲೇ ಒಣಗುತ್ತದೆ. ಬುಡದಿಂದ ಮೇಲಕ್ಕೆ ಕಾಂಡದ ಮೇಲೆ ನೇರಳೆ ಬಣ್ಣದ ಪಟ್ಟಿ ಕಾಣುತ್ತದೆ. ಕಾಂಡ ಸೀಳಿದರೆ ಒಳಗೆ ಕಂದುಗಪ್ಪು ಗೆರೆಗಳು. ಬಿತ್ತನೆ, ಕಳೆ ಎಲ್ಲದರ ಖರ್ಚು ಮುಗಿದ ಮೇಲೆ ಬರುವ ರೋಗವಾದ್ದರಿಂದ ರೈತನ ಪಾಲಿಗೆ ಇದು ದುಪ್ಪಟ್ಟು ನಷ್ಟ.

ಕಿತ್ತುಹಾಕಿದರೆ ಹೋಗುವ ರೋಗವೂ ಅಲ್ಲ. ಕೂಳೆಗಳಲ್ಲಿ ಅಡಗಿ ಶಿಲೀಂಧ್ರ ಮಣ್ಣಿನಲ್ಲಿ ಸುಮಾರು ಮೂರು ವರ್ಷ ಬದುಕಿರುತ್ತದೆ. ನಮ್ಮ ಹಿರಿಯರು ತೊಗರಿಯನ್ನು ಜೋಳದೊಂದಿಗೆ ಬೆರೆಸಿ ಬಿತ್ತುತ್ತಿದ್ದರಲ್ಲ, ಹಾಗೆ ಬಿತ್ತಿದಲ್ಲಿ ನೆಟೆ ಕಡಿಮೆಯೆಂದು ವಿಜ್ಞಾನಿಗಳ ಪ್ರಯೋಗವೂ ಹೇಳಿತು. 1984ರಲ್ಲಿ ಪ್ರಕಟವಾದ ಒಂದು ವಿಸ್ತಾರವಾದ ಸಮೀಕ್ಷೆಯ ಪ್ರಕಾರ ಕೆನ್ಯದಲ್ಲಿ ನೂರಕ್ಕೆ ಸುಮಾರು 16 ಗಿಡಗಳಿಗೂ, ಮಲಾವಿಯಲ್ಲಿ 36 ಗಿಡಗಳಿಗೂ ನೆಟೆ ತಗಲಿತ್ತು. ಇದೆಲ್ಲ ಹಳೆಯ ಮಾತೆನ್ನುವಂತಿಲ್ಲ. 2022ರ ಮುಂಗಾರಿನ ಬೆಳೆಯಲ್ಲಿ ಕಲಬುರಗಿ ಜಿಲ್ಲೆಯ ತೊಗರಿಗೆ ನೆಟೆ ದೊಡ್ಡ ಪ್ರಮಾಣದಲ್ಲಿ ಬಿದ್ದು ಸರ್ಕಾರ ಪರಿಹಾರ ಘೋಷಿಸಬೇಕಾಯಿತು. ಅದಕ್ಕೆ ಮೂರು ವರ್ಷ ಮೊದಲು, 2019ರಲ್ಲಿ, ಇದೇ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತ್ತು.

ಜೀನು ಸೇರಿಸುವುದು ಹೇಗೆ?

ಈಗ ಮೂಲ ವಿಷಯಕ್ಕೆ ಬರೋಣ. ಜೀನು ಅಥವಾ ವಂಶವಾಹಿಯೆಂದರೆ ಜೀವಕೋಶಕ್ಕೆ ಇಂಥ ಪ್ರೋಟೀನು ತಯಾರಿಸು ಎಂದು ಹೇಳುವ ಒಂದು ರಾಸಾಯನಿಕ ಬರಹ. ಅದನ್ನು ಒಂದು ಜೀವಿಯಿಂದ ಇನ್ನೊಂದಕ್ಕೆ ಸಾಗಿಸಿದರೆ ಅಲ್ಲಿಯೂ ಅದೇ ಪ್ರೋಟೀನು ತಯಾರಾಗುತ್ತದೆ. ಹೀಗೆ ಮಾರ್ಪಟ್ಟ ಗಿಡವನ್ನು ಕುಲಾಂತರಿ ಎನ್ನುತ್ತಾರೆ.

ಸಾಗಿಸುವ ಕೂಲಿಯನ್ನು ಪ್ರಕೃತಿಯೇ ಒದಗಿಸಿದೆ. ಆಗ್ರೋಬ್ಯಾಕ್ಟೀರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯ ಗಿಡದ ಗಾಯದ ಮೂಲಕ ಒಳಹೋಗಿ, ಬುಡದಲ್ಲಿ ಗಂಟು ಬರಿಸುತ್ತದೆ. ಅದು ತನ್ನ ವಂಶವಾಹಿಯ ಒಂದು ತುಂಡನ್ನೇ ಗಿಡದ ಕೋಶಕ್ಕೆ ಸೇರಿಸುವುದರಿಂದ ಈ ಗಂಟು ಬರುತ್ತದೆಂದು ಮೇರಿ ಡೆಲ್ ಚಿಲ್ಟನ್ ಮತ್ತು ಸಂಗಡಿಗರು 1977ರಲ್ಲಿ ತೋರಿಸಿಕೊಟ್ಟರು. ಗಂಟು ಬರಿಸುವ ಭಾಗ ತೆಗೆದು ನಮಗೆ ಬೇಕಾದ ಜೀನನ್ನು ಅಲ್ಲಿ ಇಟ್ಟರೆ ಬ್ಯಾಕ್ಟೀರಿಯ ಅದನ್ನೂ ಹೊತ್ತುಕೊಂಡು ಹೋಗುತ್ತದೆ. 1983ರಲ್ಲಿ ಈ ಕ್ರಮದಿಂದ ತಂಬಾಕಿನ ಗಿಡಗಳು ಸಿದ್ಧವಾದವು. ಇನ್ನೊಂದು ಕ್ರಮ ಜೀನ್ ಬಂದೂಕಿನದು: ಚಿನ್ನದ ಇಲ್ಲವೆ ಟಂಗ್‌ಸ್ಟನ್‌ನ ಅತಿ ಸೂಕ್ಷ್ಮ ಕಣಗಳಿಗೆ ಜೀನು ಲೇಪಿಸಿ ಕೋಶದೊಳಕ್ಕೆ ಹಾರಿಸುವುದು.

ಆದರೆ ಜೀನು ಒಳಗೆ ಹೋದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅದು ಸೇರುವುದು ಎಲ್ಲೋ ಒಂದೆರಡು ಕೋಶಗಳಿಗೆ. ಆ ಒಂದು ಕೋಶದಿಂದ ಇಡೀ ಗಿಡ ಬೆಳೆಸಬೇಕು. ತಂಬಾಕಿನ ಎಲೆಯ ಚೂರನ್ನು ಗಾಜಿನ ತಟ್ಟೆಯಲ್ಲಿ ಪೋಷಕ ದ್ರವ್ಯಗಳ ಮೇಲಿಟ್ಟರೆ ಕೆಲವೇ ವಾರಗಳಲ್ಲಿ ಚಿಗುರುತ್ತದೆ. ದ್ವಿದಳ ಧಾನ್ಯಗಳು ಹಾಗಲ್ಲ. ತೊಗರಿ, ಕಡಲೆ, ಹುರುಳಿಕಾಯಿ ಮುಂತಾದವು ಈ ವಿಷಯದಲ್ಲಿ ಬಹು ಹಟಮಾರಿ. ಕೋಶಗಳು ಮುದ್ದೆಯಾಗಿ ಬೆಳೆಯುತ್ತವೆ, ಚಿಗುರುವುದಿಲ್ಲ. ಚಿಗುರಿದರೆ ಬೇರು ಬಿಡುವುದಿಲ್ಲ. ಸೋಯಾ ಅವರೆಗೆ 1988ರಲ್ಲೇ ಜೀನು ಸೇರಿಸಿದ್ದರೂ ಉಳಿದ ಬೇಳೆಕಾಳುಗಳು ಹಿಂದೆ ಬೀಳಲು ಇದೊಂದು ಕಾರಣ. ಇನ್ನೊಂದು ಕಾರಣ ಹಣದ್ದು. ತೊಗರಿ ಬೆಳೆಯುವವನು ಹೋದ ವರ್ಷದ ಕಾಳನ್ನೇ ಬೀಜಕ್ಕೆ ಇಟ್ಟುಕೊಳ್ಳುತ್ತಾನೆ. ಪ್ರತಿವರ್ಷ ಬೀಜ ಕೊಳ್ಳದ ಗಿರಾಕಿಗಾಗಿ ಕಂಪನಿಗಳು ಬಂಡವಾಳ ಹೂಡುವುದಿಲ್ಲ. ಇಂಥ ಬೆಳೆಗಳನ್ನು ಅನಾಥ ಬೆಳೆಗಳೆಂದು ಕರೆಯುವುದುಂಟು. ಇವುಗಳ ಕೆಲಸ ಏನಿದ್ದರೂ ಸಾರ್ವಜನಿಕ ಸಂಸ್ಥೆಗಳಿಂದಲೇ ಆಗಬೇಕು.

ಬೆಂಗಳೂರಿನ ಸೂಜಿ

ಹಟಮಾರಿ ಕಾಳನ್ನು ಒಲಿಸಿಕೊಳ್ಳುವ ಕೆಲಸದಲ್ಲಿ ಬೆಂಗಳೂರಿನ ಪಾತ್ರ ದೊಡ್ಡದೆಂಬುದು ನಮ್ಮವರಲ್ಲಿ ಎಷ್ಟೋ ಜನಕ್ಕೆ ತಿಳಿಯದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಜಿ. ಲಕ್ಷ್ಮೀ ಸೀತಾ ಅವರ ತಂಡ ತೊಗರಿಗೆ ಜೀನು ಸೇರಿಸುವ ಕ್ರಮವನ್ನು 1999ರಲ್ಲಿ ಪ್ರಕಟಿಸಿತು. ಅಲ್ಲಿಯೇ ವಿ. ಕೆ. ರೋಹಿಣಿ ಮತ್ತು ಕೆ. ಶಂಕರ ರಾವ್ ಅವರು ಕಡಲೆಕಾಯಿಯಲ್ಲಿ ಗಾಜಿನ ತಟ್ಟೆಯ ಗೊಡವೆಯನ್ನೇ ಬಿಟ್ಟು ಬೇರೆ ದಾರಿ ಹಿಡಿದರು. ಬೀಜವನ್ನು ಮೊಳಕೆ ಬರಿಸಬೇಕು. ಮೊಳಕೆಯ ಬೆಳೆಯುವ ತುದಿಯ ಬಳಿ ಸೂಜಿಯಿಂದ ಚುಚ್ಚಬೇಕು. ಜೀನು ಹೊತ್ತ ಬ್ಯಾಕ್ಟೀರಿಯದ ದ್ರವದಲ್ಲಿ ಅದ್ದಿ, ಆಮೇಲೆ ಮಾಮೂಲಾಗಿ ಮಣ್ಣಿನಲ್ಲಿ ನೆಡಬೇಕು. ಮೊಳಕೆ ಕಟ್ಟಿದ ಕಾಳಿನ ಉಸಲಿ ಮಾಡುವ ಯಾವ ಗೃಹಿಣಿಗೂ ಅರ್ಥವಾಗುವ ವಿಧಾನ. ಹೀಗೆ ಬೆಳೆದ ಗಿಡದ ಎಲ್ಲ ಭಾಗಗಳಲ್ಲೂ ಹೊಸ ಜೀನು ಇರುವುದಿಲ್ಲ. ಆದ್ದರಿಂದ ಅದರ ಬೀಜಗಳನ್ನು ಮತ್ತೆ ಬಿತ್ತಿ, ಮಕ್ಕಳು ಮೊಮ್ಮಕ್ಕಳಲ್ಲಿ ಯಾರಿಗೆ ಜೀನು ಬಂದಿದೆಯೆಂದು ಹುಡುಕಬೇಕಾಗುತ್ತದೆ. ತಾಳ್ಮೆಯ ಕೆಲಸ, ಆದರೆ ಸಾಧ್ಯವಾದ ಕೆಲಸ. ಇದೇ ಬಗೆಯ ಕ್ರಮವನ್ನು ತೊಗರಿಗೆ ಹೊಂದಿಸಿದ ವರದಿ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಎಂ. ಉದಯಕುಮಾರ್ ಮತ್ತಿತರರಿಂದ 2008ರಲ್ಲಿ ಬಂದಿತು.

ರೋಹಿಣಿ, ಶಂಕರ ರಾವ್ ಅವರು ಕಡಲೆಕಾಯಿಗೆ ಸೇರಿಸಿ 2001ರಲ್ಲಿ ಪ್ರಕಟಿಸಿದ ಜೀನು ತಂಬಾಕಿನದು. ಕೈಟಿನೇಸ್ ಎಂಬ ಕಿಣ್ವದ್ದು. ಇಲ್ಲಿ ರಸಾಯನಶಾಸ್ತ್ರದ ಸೊಗಸು ನೋಡಿ. ಗಿಡದ ಕೋಶದ ಗೋಡೆ ಸೆಲ್ಯುಲೋಸಿನದು. ಶಿಲೀಂಧ್ರದ ಗೋಡೆಯಲ್ಲಿ ಕೈಟಿನ್ ಇದೆ. ಏಡಿ, ಜಿರಲೆಗಳ ಹೊರಚಿಪ್ಪಿನಲ್ಲಿರುವುದೂ ಇದೇ. ಎರಡೂ ಸಕ್ಕರೆಯ ಮಣಿಗಳನ್ನು ಪೋಣಿಸಿದ ಸರಗಳು. ವ್ಯತ್ಯಾಸ ಇಷ್ಟೆ: ಕೈಟಿನ್ನಿನ ಪ್ರತಿ ಮಣಿಗೂ ಸಾರಜನಕವಿರುವ ಒಂದು ಸಣ್ಣ ಗುಂಪು ಅಂಟಿಕೊಂಡಿದೆ. ಕೈಟಿನೇಸ್ ಆ ಸರವನ್ನು ಮಾತ್ರ ಗುರುತಿಸಿ ಕತ್ತರಿಸುತ್ತದೆ. ಗಿಡಕ್ಕೆ ನೋವಿಲ್ಲ, ಶಿಲೀಂಧ್ರದ ಗೋಡೆ ಕುಸಿಯುತ್ತದೆ. ಕಡಲೆಕಾಯಿಯ ಎಲೆಗೆ ಬೀಳುವ ಟಿಕ್ಕಾ ರೋಗದ ವಿರುದ್ಧ ಇದನ್ನು ಪರೀಕ್ಷಿಸಿದಾಗ ಕೆಲವು ಗಿಡಗಳು ಚೆನ್ನಾಗಿ ತಡೆದವು, ಕೆಲವು ಅಷ್ಟಾಗಿ ತಡೆಯಲಿಲ್ಲ. ಪ್ರಯೋಗಾಲಯದ ಫಲಿತಾಂಶ ಹೀಗೆಯೇ ಇರುತ್ತದೆ. ಅಲ್ಲಿಂದ ರೈತನ ಹೊಲದವರೆಗಿನ ದಾರಿ ಬಹು ಉದ್ದ.

ಹಳೆಯ ದಾರಿ ಮೊದಲು ಮುಟ್ಟಿದ ಎರಡು ಸಂಗತಿ

ಹೀಗಿರುವಾಗ ಒಂದು ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಕು. ರೋಗಕ್ಕೆ ಬೇರೆ ಮದ್ದು ಇದೆಯೆ? ಇದ್ದರೆ ಜೀನು ಸೇರಿಸುವ ಶ್ರಮವೇಕೆ?

ನೆಟೆ ರೋಗವನ್ನೇ ತೆಗೆದುಕೊಳ್ಳಿ. 1972ರಲ್ಲಿ ಹೈದರಾಬಾದಿನ ಹತ್ತಿರ ಪಟಾನ್‌ಚೆರುವಿನಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆಯವರು ದೇಶವಿದೇಶಗಳಿಂದ ತೊಗರಿಯ ಬೀಜ ಸಂಗ್ರಹಿಸಿದರು. ನೆಟೆ ಹತ್ತಿದ ಕೂಳೆಗಳನ್ನು ಬೇಕೆಂದೇ ಮಣ್ಣಿಗೆ ಸೇರಿಸಿ ಒಂದು "ರೋಗದ ಹೊಲ" ಮಾಡಿದರು. ಅದರಲ್ಲಿ ಎಲ್ಲವನ್ನೂ ಬಿತ್ತಿ, ಉಳಿದು ನಿಂತ ಗಿಡಗಳನ್ನು ಆರಿಸಿದರು. ಹೀಗೆ ಸಿಕ್ಕ ಒಂದು ತಳಿಯೇ 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾದ "ಮಾರುತಿ". ಪೂರ್ವ ಆಫ್ರಿಕಕ್ಕಾಗಿ ಇದೇ ಸಂಸ್ಥೆ ಆರಿಸಿದ ನೆಟೆ ನಿರೋಧಕ ತಳಿಯೊಂದು ಮಲಾವಿಯಲ್ಲಿ ಕಚಂಗು ಎಂದೂ, ತಾಂಜಾನಿಯದಲ್ಲಿ ಮಾಲಿ ಎಂದೂ ಹೆಸರು ಪಡೆಯಿತು. ಯಾವ ಜೀನನ್ನೂ ಹೊರಗಿನಿಂದ ತರಲಿಲ್ಲ. ಮದ್ದು ತೊಗರಿಯ ಕಣಜದಲ್ಲೇ ಇತ್ತು, ಹುಡುಕುವವರು ಬೇಕಾಗಿತ್ತು.

ಹಾಗಾದರೆ 2022ರಲ್ಲಿ ಬೆಳೆ ಏಕೆ ಹೋಯಿತು? ಕಾರಣಗಳು ಒಂದೆರಡಲ್ಲ. ಶಿಲೀಂಧ್ರವೂ ಊರಿಂದೂರಿಗೆ ಬೇರೆ. ಒಂದು ಕಡೆ ಗಟ್ಟಿಯಾಗಿ ನಿಂತ ತಳಿ ಇನ್ನೊಂದು ಕಡೆ ನಿಲ್ಲದಿರಬಹುದು. ಮುಖ್ಯವಾಗಿ, ತೊಗರಿಯ ಹೂವಿಗೆ ಜೇನುನೊಣಗಳು ನೆರೆಹೊಲದ ಪರಾಗ ತರುತ್ತವೆ. ಮನೆಯ ಬೀಜವನ್ನೇ ವರ್ಷಗಟ್ಟಲೆ ಬಿತ್ತಿದರೆ ತಳಿ ಬೆರಕೆಯಾಗಿ ನಿರೋಧಕ ಗುಣ ತೆಳುವಾಗುತ್ತದೆ. ಶುದ್ಧ ಬೀಜ ಮೂರು ನಾಲ್ಕು ವರ್ಷಕ್ಕೊಮ್ಮೆ ರೈತನ ಕೈಗೆ ಸಿಗಬೇಕು, ಒಂದೇ ಹೊಲಕ್ಕೆ ತೊಗರಿಯ ಮೇಲೆ ತೊಗರಿ ಹಾಕದಿರಬೇಕು. ಇದು ಬೀಜ ನಿಗಮದ, ಕೃಷಿ ಇಲಾಖೆಯ ಕೆಲಸವೇ ಹೊರತು ಜೀನ್ ಬಂದೂಕಿನ ಕೆಲಸವಲ್ಲ.

ಎರಡನೆಯ ಸಂಗತಿ ಬೆಂಗಳೂರಿಗೂ ನೈರೋಬಿಗೂ ನಂಟು ಕಲ್ಪಿಸುವಂಥದು. ದನಗಳ ದೊಡ್ಡರೋಗ, ಅಂದರೆ ರಿಂಡರ್‌ಪೆಸ್ಟ್, 1890ರ ದಶಕದಲ್ಲಿ ಮಸಾಯಿ ಜನರ ದನಕರುಗಳನ್ನು ಬಹುಮಟ್ಟಿಗೆ ನಿರ್ನಾಮ ಮಾಡಿತ್ತು. ಟಾಟಾ ಇನ್‌ಸ್ಟಿಟ್ಯೂಟಿನ ಎಂ. ಎಸ್. ಶೈಲಾ, ಲಕ್ಷ್ಮೀ ಸೀತಾ ಮತ್ತು ಸಂಗಡಿಗರು ಈ ರೋಗದ ವೈರಸ್ಸಿನ ಒಂದು ಪ್ರೋಟೀನನ್ನು ತೊಗರಿ ಗಿಡದಲ್ಲೂ ಕಡಲೆಕಾಯಿ ಗಿಡದಲ್ಲೂ ತಯಾರಿಸಿ 2003ರಲ್ಲಿ ವರದಿ ಮಾಡಿದರು. ಕಡಲೆಕಾಯಿಯ ಸೊಪ್ಪನ್ನು ತಿನ್ನಿಸಿದ ದನಗಳಲ್ಲಿ ರೋಗದ ವಿರುದ್ಧ ಪ್ರತಿಕ್ರಿಯೆಯೂ ಹುಟ್ಟಿತು. ಮೇವೇ ಲಸಿಕೆಯಾಗುವ ಈ ಕಲ್ಪನೆ ಎಷ್ಟು ಸುಂದರ! ಆದರೆ ಅಷ್ಟು ಹೊತ್ತಿಗೆ ರೋಗವೇ ಮುಗಿಯುತ್ತ ಬಂದಿತ್ತು. ಮುಗಿಸಿದ ಲಸಿಕೆ ನೈರೋಬಿಯ ಪಕ್ಕದ ಮುಗುಗಾದ್ದು. ವಾಲ್ಟರ್ ಪ್ಲೋರೈಟ್ ಎಂಬ ಪಶುವೈದ್ಯ ವಿಜ್ಞಾನಿ ಅಲ್ಲಿ ಸಿದ್ಧಪಡಿಸಿದ್ದು. ಈ ರೋಗ ಕೊನೆಯ ಬಾರಿ ಕಂಡುಬಂದದ್ದೂ ಕೆನ್ಯದಲ್ಲೇ, 2001ರಲ್ಲಿ ಮೇರು ರಾಷ್ಟ್ರೀಯ ಉದ್ಯಾನದ ಕಾಡೆಮ್ಮೆಗಳಲ್ಲಿ. 2011ರಲ್ಲಿ ಲೋಕದಿಂದಲೇ ನಿರ್ಮೂಲವಾಯಿತೆಂದು ಘೋಷಣೆಯಾಯಿತು. ಬೆಂಗಳೂರಿನ ಕೆಲಸ ವ್ಯರ್ಥವಾಯಿತೆಂದು ಯಾರೂ ತಿಳಿಯಬಾರದು. ದ್ವಿದಳ ಗಿಡ ಲಸಿಕೆಯ ಪ್ರೋಟೀನನ್ನು ತಯಾರಿಸಬಲ್ಲದೆಂದು ಅದು ತೋರಿಸಿತು. ಆದರೆ ಹಳೆಯ ದಾರಿ ಇರುವ ಕಡೆ ಹಳೆಯ ದಾರಿಯೇ ಮೊದಲು ಊರು ಮುಟ್ಟಿಸಿತು.

ಹಳೆಯ ದಾರಿಯೇ ಇಲ್ಲದ ಕಡೆ

ಇನ್ನು ನಾಣ್ಯದ ಮತ್ತೊಂದು ಮುಖ. ಬ್ರೆಜಿಲ್ ದೇಶದವರಿಗೆ ಹುರುಳಿಕಾಯಿಯ ಕಾಳು ನಮಗೆ ತೊಗರಿಬೇಳೆಯಿದ್ದ ಹಾಗೆ. ಬಿಳಿ ನೊಣ ಹರಡುವ ಗೋಲ್ಡನ್ ಮೊಸಾಯಿಕ್ ಎಂಬ ವೈರಸ್ ರೋಗ ಅದಕ್ಕೆ ಬೀಳುತ್ತದೆ. ಎಷ್ಟು ಹುಡುಕಿದರೂ ಸಾಕಾಗುವಷ್ಟು ನಿರೋಧಕ ಶಕ್ತಿಯುಳ್ಳ ತಳಿ ಸಿಗಲಿಲ್ಲ. ಅಲ್ಲಿಯ ಸರ್ಕಾರಿ ಸಂಶೋಧನ ಸಂಸ್ಥೆಯಾದ ಎಂಬ್ರಾಪಾದ ಅರಗಾವ್, ಫರೀಯಾ ಮತ್ತಿತರರು ವೈರಸ್ಸಿನ ಜೀನಿನ ಒಂದು ತುಣುಕನ್ನೇ ಗಿಡಕ್ಕೆ ಸೇರಿಸಿದರು. ಅದರಿಂದ ಹೊಸ ಪ್ರೋಟೀನು ತಯಾರಾಗುವುದಿಲ್ಲ. ಕಳ್ಳನ ಭಾವಚಿತ್ರವನ್ನು ಪೊಲೀಸ್ ಠಾಣೆಯಲ್ಲಿ ಮೊದಲೇ ತೂಗುಹಾಕಿದಂತೆ, ಗಿಡ ಆ ತುಣುಕಿನ ಗುರುತು ಹಿಡಿದಿರುತ್ತದೆ. ವೈರಸ್ ಒಳಬಂದೊಡನೆ ಅದರ ಸಂದೇಶವನ್ನು ಕತ್ತರಿಸಿ ಹಾಕುತ್ತದೆ. 2006ರ ನೊಬೆಲ್ ಬಹುಮಾನ ಈ ತತ್ವದ ಶೋಧಕ್ಕೇ ಸಂದಿತು. 18 ಕುಲಾಂತರಿ ವಂಶಗಳಲ್ಲಿ ಬಹಳ ಚೆನ್ನಾಗಿ ತಡೆದದ್ದು ಒಂದೇ ಒಂದು. ಅದಕ್ಕೆ 2011ರಲ್ಲಿ ಅನುಮತಿ ಸಿಕ್ಕಿತು. ನಮ್ಮ ಹೆಸರು, ಉದ್ದಿಗೆ ಬೀಳುವ ಹಳದಿ ಮೊಸಾಯಿಕ್ ರೋಗದ ವೈರಸ್ಸೂ ಇದೇ ಬಳಗದ್ದು, ಹರಡುವುದೂ ಬಿಳಿ ನೊಣವೇ. ಆದ್ದರಿಂದ ಬ್ರೆಜಿಲಿನ ಈ ಪಾಠ ನಮಗೆ ದೂರದ್ದಲ್ಲ.

ರೋಗವಲ್ಲದಿದ್ದರೂ ಇನ್ನೊಂದು ಉದಾಹರಣೆ ನೈರೋಬಿಗೆ ಸಂಬಂಧಿಸಿದ್ದು. ಅಲಸಂದೆಯ ಹೂವು, ಕಾಯಿಗಳನ್ನು ಕೊರೆಯುವ ಮರೂಕಾ ಹುಳುವನ್ನು ತಡೆಯುವ ತಳಿ ಸಿಗದಿದ್ದಾಗ, ಆಸ್ಟ್ರೇಲಿಯದ ಸರ್ಕಾರಿ ಸಂಸ್ಥೆಯ ಟಿ. ಜೆ. ಹಿಗ್ಗಿನ್ಸ್ ಬ್ಯಾಕ್ಟೀರಿಯದ ಜೀನೊಂದನ್ನು ಅಲಸಂದೆಗೆ ಸೇರಿಸಿದರು. ನೈರೋಬಿಯಲ್ಲಿ ಕೇಂದ್ರ ಕಚೇರಿಯುಳ್ಳ ಆಫ್ರಿಕನ್ ಕೃಷಿ ತಂತ್ರಜ್ಞಾನ ಪ್ರತಿಷ್ಠಾನ ಈ ಕೆಲಸವನ್ನು ನಡೆಸಿಕೊಂಡು ಬಂದು, 2019ರಲ್ಲಿ ನೈಜೀರಿಯ ಒಪ್ಪಿಗೆ ಕೊಟ್ಟಿತು.

ಮೂರನೆಯ ಉದಾಹರಣೆಯೇ ನಮಗೆ ಎಲ್ಲಕ್ಕಿಂತ ಮುಖ್ಯ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಸಿರು ಬೂಷ್ಟು ಕಡಲೆಕಾಯಿ, ಮೆಕ್ಕೆಜೋಳಗಳಿಗೆ ಹತ್ತಿ ಅಫ್ಲಟಾಕ್ಸಿನ್ ಎಂಬ ವಿಷ ತಯಾರಿಸುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಕಡಲೆಕಾಯಿ ಹಿಂಡಿ ತಿಂದು ಸತ್ತಾಗ ಈ ವಿಷ ಬೆಳಕಿಗೆ ಬಂತು. ನೇರಳಾತೀತ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುವುದನ್ನು ಬಿ ಎಂದೂ, ಹಸಿರಾಗಿ ಹೊಳೆಯುವುದನ್ನು ಜಿ ಎಂದೂ ಕರೆದರು. ಯಕೃತ್ತಿನ ಕ್ಯಾನ್ಸರಿಗೆ ಇದು ಕಾರಣ. ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. 2004ರಲ್ಲಿ ಇದೇ ಮಕುವೇನಿ, ಕಿಟುಯಿ ಸೀಮೆಯಲ್ಲಿ ತೇವ ಆರದೆ ಕೂಡಿಟ್ಟ ಮೆಕ್ಕೆಜೋಳ ತಿಂದು 317 ಜನ ಕಾಯಿಲೆ ಬಿದ್ದರು. 125 ಜನ ಸತ್ತರು. ನಮ್ಮ ಬೇಳೆ ಬರುವ ಊರುಗಳೇ ಇವು.

ಕೆನ್ಯದ ಕಾನೂನಿನಂತೆ ನೂರು ಕೋಟಿ ಭಾಗದಲ್ಲಿ 10 ಭಾಗಕ್ಕಿಂತ ಹೆಚ್ಚು ಅಫ್ಲಟಾಕ್ಸಿನ್ ಇರಕೂಡದು. ಕಡಲೆಕಾಯಿಯಲ್ಲಿ ಈ ಬೂಷ್ಟನ್ನು ಪೂರ್ತಿಯಾಗಿ ತಡೆಯುವ ತಳಿ ಸಿಕ್ಕಿಲ್ಲ. ಅಲ್ಪಸ್ವಲ್ಪ ತಡೆಯುವವು ಮಾತ್ರ ಇವೆ. ಇಕ್ರಿಸ್ಯಾಟಿನ ಪೂಜಾ ಭಟ್ನಾಗರ್ ಮಾಥುರ್, ಕಿರಣ್ ಶರ್ಮಾ ಮತ್ತು ಅಮೆರಿಕದ ದಿಲೀಪ್ ಶಾ ಮುಂತಾದವರು 2017ರಲ್ಲಿ ಪ್ರಕಟಿಸಿದ ಕೆಲಸ ಇಲ್ಲಿ ಆಶೆ ಹುಟ್ಟಿಸುವಂಥದು. ಅವರು ಎರಡು ಉಪಾಯ ಹೂಡಿದರು. ಒಂದು, ಕುದುರೆಮಸಾಲೆ ಸೊಪ್ಪಿನ ಜಾತಿಯ ಗಿಡಗಳಿಂದ ಬೂಷ್ಟನ್ನು ತಡೆಯುವ ಸಣ್ಣ ಪ್ರೋಟೀನುಗಳ ಜೀನು ತಂದು ಸೇರಿಸುವುದು. ಇನ್ನೊಂದು, ಬ್ರೆಜಿಲಿನವರ ಉಪಾಯದಂತೆಯೇ ಬೂಷ್ಟಿನ ವಿಷ ತಯಾರಿಸುವ ಜೀನುಗಳ ಸಂದೇಶವನ್ನು ಕತ್ತರಿಸುವುದು. ಬೂಷ್ಟು ಬದುಕಿದ್ದರೂ ಅದರ ವಿಷದ ಒಲೆ ಉರಿಯುವುದಿಲ್ಲ. ಬೇಕೆಂದೇ ಬೂಷ್ಟು ಹತ್ತಿಸಿದ ಸಾಧಾರಣ ಬೀಜದಲ್ಲಿ ನೂರು ಕೋಟಿಗೆ ಸಾವಿರಗಟ್ಟಲೆ ಭಾಗ ವಿಷವಿದ್ದಾಗ, ಹೊಸ ಬೀಜಗಳಲ್ಲಿ 20ಕ್ಕಿಂತ ಕಡಿಮೆ ಇತ್ತು. ಇದು ಪ್ರಯೋಗಾಲಯದ ಮಾತು, ಹೊಲದ್ದಲ್ಲ. ಆದರೂ ವಿಷಗಳನ್ನು ಅಳೆಯುವುದೇ ವಿದ್ಯೆಯಾಗಿರುವ ನಮ್ಮಂಥವರಿಗೆ ಈ ಅಂಕಿಗಳು ಸಣ್ಣವಲ್ಲ.

ನಮ್ಮ ತೊಗರಿಗೆ ಇಲ್ಲಿ ಒಂದು ಹೆಮ್ಮೆಯ ಮಾತೂ ಸಲ್ಲಬೇಕು. ಸೋಯಾ ಅವರೆಗೆ ಬರುವ ತುಕ್ಕು ರೋಗ ದಕ್ಷಿಣ ಅಮೆರಿಕದಲ್ಲಿ ಹಾವಳಿಯೆಬ್ಬಿಸಿದಾಗ, ಅದನ್ನು ತಡೆಯುವ ಒಂದು ಜೀನು ತೊಗರಿಯಲ್ಲಿ ಸಿಕ್ಕಿತು. ಅದನ್ನು ಸೋಯಾಕ್ಕೆ ಸೇರಿಸಿದಾಗ ರೋಗ ತಡೆಯಿತೆಂದು 2016ರಲ್ಲಿ ವರದಿಯಾಯಿತು. ಅನಾಥ ಬೆಳೆಯೇ ಸಾಹುಕಾರ ಬೆಳೆಗೆ ಸಾಲ ಕೊಟ್ಟಂತಾಯಿತು.

ತಿನ್ನಬಹುದೆ? ಬಿತ್ತಬಹುದೆ?

ಈಗ ಎರಡನೆಯ ಪ್ರಶ್ನೆ. ಕುಲಾಂತರಿ ಆಹಾರವೆಲ್ಲ ಕೆಟ್ಟದ್ದೆನ್ನುವುದೂ, ಎಲ್ಲವೂ ನಿರಪಾಯವೆನ್ನುವುದೂ ಒಂದೇ ಬಗೆಯ ಮೂಢನಂಬಿಕೆ. ಒಂದೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ದ್ವಿದಳ ಧಾನ್ಯಗಳಿಂದಲೇ ಎರಡು ನಿದರ್ಶನ ಹೇಳಬಹುದು. ಬ್ರೆಜಿಲ್ ನಟ್ ಎಂಬ ಬೀಜದ ಪ್ರೋಟೀನನ್ನು ಸೋಯಾಕ್ಕೆ ಸೇರಿಸಿದಾಗ, ಆ ಬೀಜ ಒಗ್ಗದವರಿಗೆ ಈ ಸೋಯಾವೂ ಒಗ್ಗುವುದಿಲ್ಲವೆಂದು ಪರೀಕ್ಷೆ ತೋರಿಸಿತು. 1996ರಲ್ಲಿ ಅದು ಪ್ರಕಟವಾಯಿತು, ಬೀಜ ಮಾರುಕಟ್ಟೆಗೆ ಬರಲೇ ಇಲ್ಲ. ಹುಳು ತಡೆಯುವ ಬಟಾಣಿಯನ್ನು ಇದೇ ಹಿಗ್ಗಿನ್ಸ್ ಅವರ ತಂಡ ವರ್ಷಗಟ್ಟಲೆ ಶ್ರಮಿಸಿ ಸಿದ್ಧಪಡಿಸಿತ್ತು. ತಿಂದ ಇಲಿಗಳಲ್ಲಿ ಒಗ್ಗದಿರುವ ಲಕ್ಷಣ ಕಂಡದ್ದರಿಂದ 2005ರಲ್ಲಿ ಕೈಬಿಟ್ಟರು. ಪರೀಕ್ಷೆಯೆಂದರೆ ಹೀಗಿರಬೇಕು. ಬಿತ್ತನೆಯ ವಿಷಯ ಬೇರೆ. ಕಡಲೆಕಾಯಿ ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶದ ಗಿಡ. ತೊಗರಿಯಾದರೋ ಜೇನುನೊಣದ ಗೆಳೆಯ; ಒಬ್ಬರ ಹೊಲದ ಜೀನು ಇನ್ನೊಬ್ಬರ ಹೊಲಕ್ಕೆ, ತೊಗರಿಯ ಕಾಡುಬಂಧುಗಳಿಗೆ ಹೋಗುವ ಸಂಭವವುಂಟು. ಆದ್ದರಿಂದ ತೊಗರಿಯಲ್ಲಿ ಹೆಚ್ಚು ಎಚ್ಚರಿಕೆ ಬೇಕು.

ಎರಡೂ ದೇಶಗಳಲ್ಲಿ ಈ ವಿಷಯ ಕೋರ್ಟಿನ ಮೆಟ್ಟಿಲು ಹತ್ತಿದೆ. ಭಾರತದಲ್ಲಿ ಬಿಟಿ ಬದನೆಯ ಬಗ್ಗೆ ಊರೂರಲ್ಲಿ ಸಾರ್ವಜನಿಕ ಸಭೆಗಳು ನಡೆದು, ಬೆಂಗಳೂರಿನ ಸಭೆಯ ಬೆನ್ನಿಗೇ 2010ರ ಫೆಬ್ರವರಿಯಲ್ಲಿ ತಡೆ ಬಿತ್ತು. ಕೆನ್ಯ 2012ರ ನವೆಂಬರಿನಲ್ಲಿ ಕುಲಾಂತರಿ ಆಹಾರದ ಆಮದನ್ನು ನಿಷೇಧಿಸಿತು. ಆಗ ಆಧಾರವಾಗಿ ತೋರಿಸಿದ್ದ ಫ್ರಾನ್ಸಿನ ಇಲಿಗಳ ಅಧ್ಯಯನವನ್ನು ಪತ್ರಿಕೆ ಮರುವರ್ಷವೇ ಹಿಂತೆಗೆದುಕೊಂಡರೂ ನಿಷೇಧ ಹತ್ತು ವರ್ಷ ಉಳಿಯಿತು. 2022ರ ಅಕ್ಟೋಬರಿನಲ್ಲಿ ಕೆನ್ಯದ ಸಂಪುಟ ನಿಷೇಧ ತೆಗೆಯಿತು. ಅದೇ ತಿಂಗಳು ಭಾರತ ಕುಲಾಂತರಿ ಸಾಸಿವೆಗೆ ಪರಿಸರ ಅನುಮತಿ ಕೊಟ್ಟಿತು. ಎರಡೂ ನ್ಯಾಯಾಲಯಕ್ಕೆ ಹೋದವು. 2024ರ ಜುಲೈಯಲ್ಲಿ ಭಾರತದ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಾಧೀಶರು ಭಿನ್ನ ತೀರ್ಪು ಕೊಟ್ಟರು. ಇಲ್ಲಿ 2023ರಲ್ಲಿ ಒಂದು ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿದರೆ, 2025ರ ಮಾರ್ಚಿಯಲ್ಲಿ ಮೇಲ್ಮನವಿ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು.

ನಮ್ಮ ಅಳತೆಗೋಲು

ಈ ಗದ್ದಲದ ನಡುವೆ ಶ್ರೀಸಾಮಾನ್ಯನು ಹಿಡಿಯಬಹುದಾದ ಅಳತೆಗೋಲು ಸರಳವಾದದ್ದೆಂದು ನಮ್ಮ ಅಭಿಪ್ರಾಯ. ಮೊದಲು ಕೇಳಬೇಕಾದ್ದು: ಈ ರೋಗಕ್ಕೆ ಮದ್ದು ಬೆಳೆಯ ಸ್ವಂತ ಕಣಜದಲ್ಲಿ ಇದೆಯೆ? ಇದ್ದರೆ ಅದನ್ನು ಹುಡುಕಿ ಬೀಜ ಮಾಡಿ ರೈತನಿಗೆ ಮುಟ್ಟಿಸಿ. ತೊಗರಿಯ ನೆಟೆಗೆ ಇದೇ ದಾರಿ. ಇಲ್ಲವಾದರೆ ಮಾತ್ರ ಎರಡನೆಯ ಪ್ರಶ್ನೆ: ಹೊರಗಿನ ಜೀನು ಸೇರಿಸಿ, ಪ್ರಾಮಾಣಿಕವಾಗಿ ಪರೀಕ್ಷಿಸಿ, ರೈತ ಮತ್ತೆ ಬಿತ್ತಿಕೊಳ್ಳುವಂಥ ಬೀಜವನ್ನು ಸಾರ್ವಜನಿಕ ಸಂಸ್ಥೆಯೊಂದು ಕೊಡಬಲ್ಲದೆ? ಕಡಲೆಕಾಯಿಯ ವಿಷಕ್ಕೆ ಆ ದಾರಿ ತೆರೆದಿರಬೇಕು. ನೆಟೆ ರೋಗಕ್ಕೆಂದು ಜೀನು ತರುವುದು ಅವಸರ; ಅಫ್ಲಟಾಕ್ಸಿನ್ ಇರುವಲ್ಲಿ ಜೀನನ್ನು ಹೆಸರು ಕೇಳಿಯೇ ಹೊರಗಟ್ಟುವುದು, 125 ಜನ ಸತ್ತ ಸೀಮೆಯಲ್ಲಿ ಕುಳಿತು ಆಡುವ ಮಾತಲ್ಲ.

ಆ ಕಡಲೆಕಾಯಿ ಅಂಗಡಿಗೆ ಬರುವವರೆಗೆ ನಮ್ಮ ಅಡುಗೆಮನೆಯಲ್ಲಿ ಆಗಬೇಕಾದ ಕೆಲಸವೂ ಇದೆ. ಚಟ್ನಿಗೋ ಚಿತ್ರಾನ್ನಕ್ಕೋ ತಂದ ಕಡಲೆಬೀಜವನ್ನು ಹುರಿಯುವ ಮೊದಲು ಮೊರದಲ್ಲಿ ಹರಡಿ. ಸುಕ್ಕಿದ್ದು, ಬಣ್ಣ ಕೆಟ್ಟಿದ್ದು, ಹುಳು ಕೊರೆದಿದ್ದು, ಬೂಷ್ಟು ಹಿಡಿದಿದ್ದು ಕಂಡರೆ ತೆಗೆದು ಎಸೆಯಿರಿ; ಬೂಷ್ಟಿನ ಭಾಗ ಕಿತ್ತು ಉಳಿದದ್ದನ್ನು ಬಳಸಬೇಡಿ. ಒಂದು ಚೀಲದ ವಿಷವೆಲ್ಲ ಸಾಮಾನ್ಯವಾಗಿ ಕೆಲವೇ ಕೆಟ್ಟ ಬೀಜಗಳಲ್ಲಿ ತುಂಬಿರುತ್ತದೆ. ಆದ್ದರಿಂದ ಆರಿಸುವುದೇ ಅರ್ಧ ಮದ್ದು. ಕಹಿ ಬೀಜ ಬಾಯಿಗೆ ಬಂದರೆ ನುಂಗದೆ ಉಗಿಯಿರೆಂದು ಮಕ್ಕಳಿಗೆ ಹೇಳಿಕೊಡಿ. ಏಪ್ರಿಲ್, ಮೇ ಮಳೆಯ ತಿಂಗಳುಗಳಲ್ಲಿ ಸ್ವಲ್ಪಸ್ವಲ್ಪವೇ ಕೊಂಡು, ಗಾಳಿಯಾಡದ ಡಬ್ಬಿಯಲ್ಲಿ ಒಣಗಿದ ಕಡೆ ಇಡಿ. ಮೊರ ಹಿಡಿದು ಕಾಳು ಆರಿಸುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಅಫ್ಲಟಾಕ್ಸಿನ್ ಎಂಬ ಹೆಸರು ತಿಳಿದಿರಲಿಲ್ಲ. ಕೆಲಸ ಮಾತ್ರ ಸರಿಯಾಗಿಯೇ ನಡೆಯುತ್ತಿತ್ತು.